ಪಥ್ಯವೂ ಒಂದು ಆಚಾರ: ಬೇಡವೆಂದವನಿಗೆ ಕಾರಣ ಕೇಳಬಾರದು



12ನೆಯ ಶತಮಾನದ ಶರಣಸಂಕುಲದಲ್ಲಿ ಹೆಂಡದ ಮಾರಯ್ಯನವರು ಮತ್ತು ವೈದ್ಯ ಸಂಗಣ್ಣನವರು ಒಟ್ಟಿಗೆ ಸ್ಮರಣೆಗೆ ಬರುವುದು ವಿರಳ. ಮಾರಯ್ಯನವರು ಹೆಂಡದ ಕಾಯಕದವರು. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿ, ತಮ್ಮ ಕಾಯಕದ ಪರಿಭಾಷೆಯಲ್ಲಿಯೇ ಮನುಷ್ಯನ ಮದವನ್ನು ಬಿಡಿಸಿ ತೋರಿಸಿದವರು. ಸಂಗಣ್ಣನವರು ವೈದ್ಯವೃತ್ತಿಯ ಶರಣರು. ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ ಎಂಬ ಅಂಕಿತದಲ್ಲಿ ರೋಗ, ಔಷಧಗಳ ಮಾತನ್ನೇ ಅನುಭಾವದ ಮಾತಾಗಿಸಿದವರು. ಒಬ್ಬರು ಅಮಲನ್ನು ಬಲ್ಲವರು, ಇನ್ನೊಬ್ಬರು ಮದ್ದನ್ನು ಬಲ್ಲವರು. ರೋಗದಿಂದ ಚೇತರಿಸಿಕೊಳ್ಳುತ್ತಿರುವ ಭಕ್ತನೊಬ್ಬ ಮದುವೆ, ಗೃಹಪ್ರವೇಶ, ನಿವೃತ್ತಿಯ ಸಮಾರಂಭಗಳಲ್ಲಿ ಮದ್ಯದ ಲೋಟದ ಮುಂದೆ ನಿಲ್ಲಬೇಕಾದಾಗ ಈ ಇಬ್ಬರು ಶರಣರ ತಿಳಿವೂ ಒಟ್ಟಿಗೆ ಬೇಕಾಗುತ್ತದೆ.

ಲಿಂಗವಂತರ ಮನೆಯಲ್ಲಿ ಈ ಪ್ರಶ್ನೆಯೇ ಉದ್ಭವಿಸದು, ಮದ್ಯಪಾನವು ಮೊದಲೇ ವರ್ಜ್ಯವಲ್ಲವೇ ಎಂದು ಕೆಲವರು ಹೇಳಬಹುದು. ತತ್ತ್ವವಾಗಿ ಆ ಮಾತು ಸರಿ. ಲೋಕರೂಢಿ ಬೇರೆಯೇ ಆಗಿದೆ. ಮುಂಬಾಗಿಲಲ್ಲಿ ವಿಭೂತಿ, ಪತ್ರೆ, ಗುರುಪಾದೋದಕ. ಸಂಜೆಯಾದೊಡನೆ ಹಿತ್ತಲಿನಲ್ಲಿಯೋ ತೋಟದ ಮನೆಯಲ್ಲಿಯೋ ಬೇರೊಂದು ಪಂಕ್ತಿ. ಇದು ಬಹುತೇಕ ಊರುಗಳಲ್ಲಿ ಎಲ್ಲರೂ ಬಲ್ಲ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ಇಲ್ಲವೆಂದು ಹೇಳುವುದರಿಂದ ಅದು ಇಲ್ಲವಾಗುವುದಿಲ್ಲ, ಮರೆಯಲ್ಲಿ ಬೆಳೆಯುತ್ತದೆ. ಹಾಗೆ ಮರೆಯಲ್ಲಿ ಬೆಳೆದುದರ ಭಾರ ಮೊದಲು ಬೀಳುವುದು ಅಶಕ್ತನಾದವನ ಮೇಲೆ.

ಇದಕ್ಕೆ ಕ್ಷಯರೋಗದ ಚಿಕಿತ್ಸೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಭಾರತದವರು. ಆದುದರಿಂದ ಇದು ಯಾವ ಊರಿಗೂ, ಯಾವ ಮನೆತನಕ್ಕೂ ದೂರದ ಮಾತಲ್ಲ. ಔಷಧಕ್ಕೆ ಮಣಿಯುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆಯಿದೆ. ಮೊದಲ 2 ತಿಂಗಳು ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಇಥಾಂಬ್ಯುಟಾಲ್ ಎಂಬ ನಾಲ್ಕು ಔಷಧಗಳನ್ನೂ, ಮುಂದಿನ 4 ತಿಂಗಳು ಪೈರಜಿನಮೈಡ್ ಹೊರತಾಗಿ ಉಳಿದ ಮೂರನ್ನೂ ಪ್ರತಿದಿನ ಸೇವಿಸಬೇಕು. ಇವುಗಳಲ್ಲಿ ಮೊದಲ ಮೂರು ಔಷಧಗಳು ಯಕೃತ್ತಿಗೆ ಶ್ರಮ ಕೊಡುವಂಥವು. ಅದೇ ಯಕೃತ್ತು ಮದ್ಯವನ್ನೂ ಜೀರ್ಣಿಸಬೇಕು. ಎರಡು ಭಾರಗಳು ಒಂದೇ ಹೆಗಲಿಗೆ ಬಿದ್ದಾಗ ಯಕೃತ್ತು ಊದಿಕೊಂಡು ಕಾಮಾಲೆ ತಲೆದೋರುವ ಅಪಾಯ ಹೆಚ್ಚುತ್ತದೆ. ಐಸೋನಿಯಜಿಡ್ ನರಗಳಿಗೆ ಅಗತ್ಯವಾದ ಬಿ6 ಜೀವಸತ್ವವನ್ನು ಕುಗ್ಗಿಸುತ್ತದೆ. ಮದ್ಯವೂ ಅದನ್ನೇ ಮಾಡುತ್ತದೆ. ಅಂಗಾಲು ಉರಿ, ಕೈಕಾಲು ಜೋಮು ಇದರ ಫಲ. ಯಕೃತ್ತು ಕೆಟ್ಟರೆ ವೈದ್ಯರು ಕ್ಷಯದ ಔಷಧವನ್ನೇ ಕೆಲಕಾಲ ನಿಲ್ಲಿಸಬೇಕಾಗುತ್ತದೆ. ಇನ್ನು ಕುಡಿದ ಅಮಲಿನಲ್ಲಿ ಮಾತ್ರೆಯನ್ನು ಮರೆಯುತ್ತ ಹೋದರೆ ರೋಗಾಣುಗಳು ಔಷಧಕ್ಕೆ ಮಣಿಯದ ಸ್ವರೂಪವನ್ನು ತಾಳಬಹುದು. ಆಗ ಚಿಕಿತ್ಸೆ ಇನ್ನಷ್ಟು ಕಠಿಣ, ಆ ರೋಗಾಣು ಮನೆಯ ಮಕ್ಕಳಿಗೂ ಮುದುಕರಿಗೂ ಹರಡುವ ಭಯ ಬೇರೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ರೋಗಿಗೆ ನಿಜವಾದ ಪರೀಕ್ಷೆ ಬರುವುದು ರೋಗ ಉಲ್ಬಣಿಸಿದ ದಿನಗಳಲ್ಲಲ್ಲ. ಕೆಮ್ಮು, ಜ್ವರ, ನಿಶ್ಶಕ್ತಿಗಳಿಂದ ಹಾಸಿಗೆ ಹಿಡಿದವನನ್ನು ಯಾರೂ ಪಾನಗೋಷ್ಠಿಗೆ ಕರೆಯುವುದಿಲ್ಲ. ಎರಡು ಮೂರು ತಿಂಗಳ ಚಿಕಿತ್ಸೆಯಾದ ಬಳಿಕ ಕೆಮ್ಮು ನಿಂತಿರುತ್ತದೆ, ಹಸಿವು ಮರಳಿರುತ್ತದೆ, ಮೈ ತುಂಬಿಕೊಂಡಿರುತ್ತದೆ. ನೋಡುವವರ ಕಣ್ಣಿಗೆ ಅವನು ಗುಣವಂತನಾದಂತೆಯೇ. ಒಳಗಿನ ಕಾರ್ಯ ಮಾತ್ರ ಇನ್ನೂ ಮುಗಿದಿರುವುದಿಲ್ಲ. ಪಥ್ಯ ತಪ್ಪುವುದು ಈ ಹಂತದಲ್ಲಿಯೇ. ಷಟ್‌ಸ್ಥಲದಲ್ಲಿ ಭಕ್ತಸ್ಥಲದ ನಂತರ ಮಾಹೇಶ್ವರಸ್ಥಲವನ್ನು ಇರಿಸಿ, ಅದರ ಲಕ್ಷಣವನ್ನು ನಿಷ್ಠೆ ಎಂದು ಹಿರಿಯರು ವಿವರಿಸಿದರು. ಶ್ರದ್ಧೆ ಹುಟ್ಟುವುದು ಒಂದು, ಹುಟ್ಟಿದುದನ್ನು ಕೊನೆಯತನಕ ಕಾಯ್ದುಕೊಳ್ಳುವುದು ಇನ್ನೊಂದು. ಆರನೆಯ ತಿಂಗಳ ಕೊನೆಯ ಮಾತ್ರೆಯವರೆಗೆ ಪಥ್ಯವನ್ನು ಬಿಡದಿರುವುದೂ ನಿಷ್ಠೆಯ ಒಂದು ರೂಪವೇ ಸರಿ.

ಅಂಥ ಭಕ್ತನೊಬ್ಬ ಬೀಗರ ಮನೆಯ ಮದುವೆಗೆ ಹೋಗುತ್ತಾನೆ ಎಂದಿಟ್ಟುಕೊಳ್ಳಬಹುದು. ಹಿಂದೆ ಆಗೊಮ್ಮೆ ಈಗೊಮ್ಮೆ ಕುಡಿಯುತ್ತಿದ್ದವನೆಂಬುದು ಅಲ್ಲಿನವರಿಗೆ ಗೊತ್ತು. “ಏನ್ ಮಾಮಾ, ಐನೋರಾದಿರೇನು?” ಎಂದು ಸೋದರಳಿಯ ನಗುತ್ತಾನೆ. “ಒಂದ್ ಗುಟುಕಿಗೆ ಏನಾಗತೈತಿ? ಮನೀ ಮರ್ಯಾದಿ ಇಡ್ರಿ” ಎಂದು ಬೀಗರು ಒತ್ತಾಯಿಸುತ್ತಾರೆ. ಅವನ ಮುಂದೆ ಎರಡೇ ದಾರಿಗಳು ಉಳಿದಂತೆ ತೋರುತ್ತದೆ. ತನಗೆ ಕ್ಷಯವಿದೆಯೆಂದು ಎಲ್ಲರೆದುರು ಹೇಳಬೇಕು; ಹೇಳಿದರೆ ನಾಳೆ ಮಗಳ ಸಂಬಂಧಕ್ಕೆ ಅಡ್ಡಿಯಾದೀತು, ಜನ ತಟ್ಟೆ ಲೋಟ ಬೇರೆ ಇಟ್ಟಾರು ಎಂಬ ಅಂಜಿಕೆ. ಇಲ್ಲವೇ ಲೋಟ ಹಿಡಿಯಬೇಕು. ಮಾನ ಉಳಿಸಿಕೊಳ್ಳಲು ಪ್ರಾಣವನ್ನು ಪಣಕ್ಕಿಡುವ ಈ ಸ್ಥಿತಿಗೆ ಅವನನ್ನು ತಂದವರು ಶತ್ರುಗಳಲ್ಲ, ಪ್ರೀತಿಯ ಬಂಧುಗಳು.

ಈ ಒತ್ತಾಯಕ್ಕೆ ಜನ ಕೊಡುವ ಹೆಸರು ಆದರಾತಿಥ್ಯ. ಶರಣರು ಹೇಳಿದ ದಾಸೋಹದ ಪರಿಯೇ ಬೇರೆ. ದಾಸೋಹದಲ್ಲಿ ಕೊಡುವವನು ಕಿಂಕರ, ಸ್ವೀಕರಿಸುವವನು ಜಂಗಮಸ್ವರೂಪಿ. ಬಂದವರ ಹಸಿವನ್ನೂ ಹಿತವನ್ನೂ ಅರಿತು ನೀಡುವುದು ಕಿಂಕರನ ಧರ್ಮ. ತನ್ನ ಉಲ್ಲಾಸಕ್ಕಾಗಿ ಬಂದವನ ಬಾಯಿಗೆ ಬೇಡದ್ದನ್ನು ಹೊಯ್ಯುವಲ್ಲಿ ಕೈಂಕರ್ಯವಿಲ್ಲ, ಯಜಮಾನಿಕೆಯಿದೆ. ಲಿಂಗಕ್ಕೆ ಅರ್ಪಿತವಾದ ಪದಾರ್ಥ ಪ್ರಸಾದವಾಗುತ್ತದೆ ಎಂಬುದು ಶರಣಧರ್ಮದ ಮೂಲ ನಂಬುಗೆಗಳಲ್ಲೊಂದು. ಎದೆಯ ಮೇಲಿನ ಇಷ್ಟಲಿಂಗಕ್ಕೆ ತೋರಿಸಲು ಕೈ ಬಾರದ ಪದಾರ್ಥವನ್ನು ಅದೇ ಎದೆಯೊಳಕ್ಕೆ ಇಳಿಸುವಂತೆ ಒತ್ತಾಯಿಸುವುದು ಯಾವ ಆತಿಥ್ಯ? ಕಾಯವನ್ನೇ ಗುಡಿಯೆಂದು ಕಂಡ ಬಸವಣ್ಣನವರ ಹೆಸರು ಹೇಳುವ ಸಮುದಾಯ ಜೀರ್ಣೋದ್ಧಾರ ನಡೆದಿರುವ ಗುಡಿಯ ಗೋಡೆಯನ್ನು ತಾನೇ ಒದೆಯಬಾರದು.

ಹಾಗಾದರೆ ಆ ಭಕ್ತ ಏನು ಹೇಳಬೇಕು? ಸತ್ಯವನ್ನೇ ನುಡಿಯಬೇಕೆಂಬ ಶರಣರ ಕಟ್ಟಳೆ ಇಲ್ಲಿ ಹಲವರನ್ನು ಗೊಂದಲಕ್ಕೆ ನೂಕುತ್ತದೆ. ರೋಗವನ್ನು ಹೇಳದಿದ್ದರೆ ಹುಸಿ ನುಡಿದಂತಾಗುವುದಿಲ್ಲವೇ? ಆಗುವುದಿಲ್ಲ. ಇಲ್ಲದ್ದನ್ನು ಕಲ್ಪಿಸಿ ಹೇಳುವುದು ಹುಸಿ. ಇದ್ದುದನ್ನು ಕೇಳಿದವರಿಗೆಲ್ಲ ಒಪ್ಪಿಸದಿರುವುದು ಹುಸಿಯಲ್ಲ. ತನ್ನೊಡನೆ ವಾಸಿಸುವವರಿಗೆ, ಚಿಕಿತ್ಸೆ ನೀಡುವವರಿಗೆ ರೋಗದ ವಿಷಯ ತಿಳಿದಿರಬೇಕು. ಮನೆಯವರ ತಪಾಸಣೆಗೂ ಅದು ಅವಶ್ಯ. ಮದುವೆಯ ಹಂದರದಲ್ಲಿ ಕುಳಿತ ನೂರು ಜನರಿಗೆ ಆ ಹಕ್ಕಿಲ್ಲ. “ನನಗೆ ಬೇಡ” ಎಂಬುದು ಸಂಪೂರ್ಣ ಸತ್ಯ. “ವೈದ್ಯರು ಬೇಡವೆಂದಿದ್ದಾರೆ” ಎಂಬುದು ಅಷ್ಟೇ ಸತ್ಯ. ಗುರುಗಳ ಎದುರು ಸಂಕಲ್ಪ ಮಾಡಿದ್ದರೆ “ಸಂಕಲ್ಪ ಮಾಡಿದ್ದೇನೆ” ಎಂಬುದೂ ಸತ್ಯವೇ. ಈ ಮೂರರಲ್ಲಿ ಒಂದನ್ನು ಹೇಳಿ, ಒಂದು ಲೋಟ ಮಜ್ಜಿಗೆಯನ್ನೋ ಪಾನಕವನ್ನೋ ಕೈಯಲ್ಲಿ ಹಿಡಿದುಕೊಂಡರೆ ಒತ್ತಾಯದ ಅರ್ಧಭಾಗ ತಾನಾಗಿ ಇಳಿಯುತ್ತದೆ. ಬರಿಗೈಯನ್ನು ಕಂಡರೆ ತುಂಬಲು ಬರುವವರು ತುಂಬಿದ ಕೈಯನ್ನು ಕಂಡರೆ ಸುಮ್ಮನಾಗುತ್ತಾರೆ. ಊಟ ಮುಗಿಸಿ ಬೇಗ ಹೊರಡುವುದು, ವಿಷಯ ಬಲ್ಲ ಒಬ್ಬ ಆಪ್ತರನ್ನು ಜೊತೆಗೆ ಕರೆದೊಯ್ಯುವುದು ಇವೂ ಉಪಯುಕ್ತ. ಚಿಕಿತ್ಸೆಯ ಅವಧಿಯಲ್ಲಿ ಅಂಥ ಕೂಟಗಳಿಗೆ ಹೋಗದೆಯೇ ಇರುವುದು ಅಂಜುಬುರುಕತನವೆನಿಸದು.

ಸಂಕಲ್ಪದ ಮಾತು ಬಂದಾಗ ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳನ್ನು ಸ್ಮರಿಸದಿರಲಾಗದು. ಅವರು 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು ಊರೂರು ಸಂಚರಿಸಿದರು. ಕಾಳು ಕಡಿಗಳನ್ನಾಗಲಿ ಹಣವನ್ನಾಗಲಿ ಬೇಡದೆ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು; ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ಆ ಜೋಳಿಗೆಯ ಮರ್ಮವು ಬೇಡುವುದರಲ್ಲಿದೆ. ಬೈಯುವವನ ಮುಂದೆ ಕುಡುಕ ಸುಳ್ಳು ಹೇಳುತ್ತಾನೆ. ಬೇಡುವವನ ಮುಂದೆ ನಾಚುತ್ತಾನೆ. ಪಂಚಾಚಾರಗಳಲ್ಲಿ ಗಣಾಚಾರವೂ ಇದೆ, ಭೃತ್ಯಾಚಾರವೂ ಇದೆ. ಗಣಾಚಾರದ ಹೆಸರಿನಲ್ಲಿ ದುರ್ಬಲನನ್ನು ಜರಿಯುವುದು ಸುಲಭ. ಭೃತ್ಯಾಚಾರದಿಂದ ಅವನ ಪಕ್ಕದಲ್ಲಿ ಕುಳಿತು ತಾನೂ ಮಜ್ಜಿಗೆ ಕುಡಿಯುವುದು ಕಷ್ಟ. ಇಂದು ಬೇಕಾಗಿರುವುದು ಈ ಎರಡನೆಯದು. ಗಣಾಚಾರದ ಆವೇಶವನ್ನು ತೋರಲೇಬೇಕಾದರೆ ಒತ್ತಾಯಿಸುವವನ ಕೈಯನ್ನು ತಡೆಯುವಲ್ಲಿ ತೋರಲಿ.

ಭಕ್ತರು ತಪ್ಪದೆ ತಿಳಿದಿರಬೇಕಾದ ಮಾತುಗಳು ಇನ್ನೂ ಕೆಲವಿವೆ. ಸಂಕಲ್ಪವಾಗಲಿ ಮಂತ್ರವಾಗಲಿ ಭಸ್ಮಧಾರಣೆಯಾಗಲಿ ಮಾತ್ರೆಗೆ ಪರ್ಯಾಯವಲ್ಲ. ಅವು ಮಾತ್ರೆಯನ್ನು ತಪ್ಪದೆ ನುಂಗುವ ಬಲವನ್ನು ಮನಸ್ಸಿಗೆ ತುಂಬುತ್ತವೆ. ರೋಗಾಣುವನ್ನು ಕೊಲ್ಲುವುದು ಔಷಧವೇ. ಎರಡನೆಯದಾಗಿ, ಬಹುಕಾಲದಿಂದ ಪ್ರತಿದಿನ ಅತಿಯಾಗಿ ಕುಡಿಯುತ್ತಿರುವವರು ಆವೇಶದಿಂದ ಒಮ್ಮೆಲೇ ಬಿಡಬಾರದು. ನಡುಕ, ಮೂರ್ಛೆ, ಭ್ರಮೆಗಳು ತಲೆದೋರಿ ಜೀವಕ್ಕೇ ಅಪಾಯವಾಗಬಹುದು. ವೈದ್ಯರ ನಿಗಾದಲ್ಲಿಯೇ ಬಿಡಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಮೂರನೆಯದಾಗಿ, ಎಂದಾದರೊಂದು ದಿನ ಕಾಲು ಜಾರಿದರೆ, ಕುಡಿದೆನಲ್ಲಾ ಎಂಬ ಅಂಜಿಕೆಯಿಂದ ಮಾತ್ರೆಯನ್ನೇ ಬಿಟ್ಟುಬಿಡುವುದು ಎರಡನೆಯ ತಪ್ಪಾಗುತ್ತದೆ. ನಡೆದುದನ್ನು ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ ಅವರು ಹೇಳಿದಂತೆ ನಡೆಯಬೇಕು. ಹಸಿವಿಲ್ಲದಿರುವಿಕೆ, ವಾಂತಿ, ಕಣ್ಣು ಹಳದಿಯಾಗುವುದು ಕಂಡುಬಂದರೆ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು. ರಿಫಾಂಪಿಸಿನ್ ಸೇವನೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಸಹಜ, ಅದಕ್ಕೆ ಗಾಬರಿ ಬೇಡ. ಕಣ್ಣು ಹಳದಿಯಾಗುವುದು ಮಾತ್ರ ಸಹಜವಲ್ಲ.

ಸಮುದಾಯ ಮಾಡಬಹುದಾದ ಕಾರ್ಯವೂ ಇದೆ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ನೀಡುತ್ತಿತ್ತು. 2024ರ ನವೆಂಬರ್‌ನಿಂದ ಅದನ್ನು 1000 ರೂಪಾಯಿಗೆ ಏರಿಸಲಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ನಿಕ್ಷಯ ಮಿತ್ರ ಯೋಜನೆಯಲ್ಲಿ ವ್ಯಕ್ತಿಗಳೂ ಸಂಘಸಂಸ್ಥೆಗಳೂ ರೋಗಿಗಳಿಗೆ ಆಹಾರದ ಕಿಟ್ ಒದಗಿಸಲು ಮುಂದೆ ಬರಬಹುದು. ದಾಸೋಹವೆಂದರೆ ಜಾತ್ರೆಯ ದಿನದ ಹುಗ್ಗಿ ಮಾತ್ರವೇ? ಸಮಾರಂಭವೊಂದರ ಹಿತ್ತಲಿನ ಪಂಕ್ತಿಗೆ ವೆಚ್ಚವಾಗುವ ಹಣದಲ್ಲಿ ಬೇಳೆ, ಹೆಸರುಕಾಳು, ಶೇಂಗಾ, ಎಣ್ಣೆಗಳ ಎಷ್ಟು ಚೀಲಗಳು ತುಂಬಿಯಾವು ಎಂಬುದನ್ನು ಪ್ರತಿಯೊಬ್ಬ ಗೃಹಸ್ಥರೂ ಲೆಕ್ಕ ಹಾಕಿ ನೋಡಬಹುದು. ಆ ಒಂದು ಚೀಲ ಒಬ್ಬ ರೋಗಿಗೆ ಮದ್ದಿನಷ್ಟೇ ಬಲವಾದೀತು.

ಇದೆಲ್ಲಕ್ಕಿಂತ ಮೊದಲು, ಒಂದು ಪೈಸೆಯ ಖರ್ಚೂ ಇಲ್ಲದೆ ಆಚರಣೆಗೆ ತರಬಹುದಾದ ನಿಯಮವೊಂದಿದೆ: ಬೇಡವೆಂದವನಿಗೆ ಕಾರಣ ಕೇಳಬಾರದು. ಒಮ್ಮೆ ಬೇಡವೆಂದರೆ ಎರಡನೆಯ ಸಲ ನೀಡಬಾರದು, ನಗೆಯಾಡಬಾರದು, ಐನೋರೆಂದು ಹಂಗಿಸಬಾರದು. ಹಾಗೆ ಬೇಡವೆಂದವನು ಕ್ಷಯರೋಗಿಯಾಗಿರಬಹುದು, ಕಾಮಾಲೆಯಿಂದ ಎದ್ದವನಾಗಿರಬಹುದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನಾಗಿರಬಹುದು, ಕುಡಿತದ ರೋಗದಿಂದಲೇ ಕಷ್ಟಪಟ್ಟು ಹೊರಬಂದು ದಿನಗಳನ್ನು ಎಣಿಸುತ್ತಿರುವವನಾಗಿರಬಹುದು. ಏನೂ ಕಾರಣವಿಲ್ಲದೆ ಶರಣಮಾರ್ಗದಲ್ಲಿ ನಡೆಯಬೇಕೆಂದು ಬಯಸಿದವನೂ ಆಗಿರಬಹುದು. ಯಾರೆಂದು ತಿಳಿಯುವ ಅಗತ್ಯವೇ ನೀಡುವವನಿಗಿಲ್ಲ. ಪ್ರತಿಯೊಂದು ಮನೆಯ ಹಿರಿಯರು ಈ ಒಂದು ನಿಯಮವನ್ನು ತಮ್ಮ ಮನೆಯ ಸಮಾರಂಭದಲ್ಲಿ ಜಾರಿಗೆ ತಂದರೆ ಎಷ್ಟೋ ಜೀವಗಳು ಸದ್ದಿಲ್ಲದೆ ಉಳಿಯುತ್ತವೆ. ಹಿತ್ತಲಿನ ಪಂಕ್ತಿಯನ್ನೇ ಎತ್ತಿಬಿಟ್ಟರೆ ಅದಕ್ಕಿಂತ ಮಿಗಿಲಾದುದಿಲ್ಲ. ಅದಾಗುವವರೆಗೆ, ಅಶಕ್ತನ “ಬೇಡ” ಎಂಬ ಮಾತಿಗೆ ಬೆಲೆ ಕೊಡುವುದೇ ಮನೆಯ ಮರ್ಯಾದೆ ಎನಿಸಲಿ.