ಕೂಸಿನ ಹೊಟ್ಟೆ ಒಣಗಿಸಬೇಡಿ

ಮುಂಗಾರು ಶುರುವಾಯಿತೆಂದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಬಸ್‌ಸ್ಟ್ಯಾಂಡಿಗೆ ಹೋದರೂ ಟವೆಲ್ಲಿನಲ್ಲಿ ಕೂಸು ಸುತ್ತಿಕೊಂಡು ಹಾವೇರಿ ಅಥವಾ ಹುಬ್ಬಳ್ಳಿ ಬಸ್ಸಿಗೆ ಕಾಯುವ ತಾಯಂದಿರು ಕಾಣುತ್ತಾರೆ. ವಾಂತಿ-ಭೇದಿ. ಪಕ್ಕದಲ್ಲಿ ಕೂತ ಹಿರಿಯಳದ್ದು ಒಂದೇ ಉಪದೇಶ: 'ಏನೂ ತಿನ್ನಸಬ್ಯಾಡವ್ವಾ, ಹೊಟ್ಟಿ ಒಣಗಿದ್ರ ತಾನ ನಿಲ್ತೈತಿ.'

ಈ ಮಾತೇ ಕೂಸಿಗೆ ಮುಳುವು.

ಭೇದಿಯಾದರೆ ಮೈಯ ನೀರು ಹೋಗುತ್ತದೆಂದು ಈಗ ಎಲ್ಲರೂ ಬಲ್ಲರು. ರಕ್ತದ ಸಕ್ಕರೆಯೂ ಇಳಿಯಬಹುದೆಂದು ಬಲ್ಲವರು ಕಡಿಮೆ. ದೊಡ್ಡವರ ಲಿವರ್ ಒಂದು ದಿನದ ಉಪವಾಸ ತಡೆಯುವಷ್ಟು ಸಕ್ಕರೆ ಕೂಡಿಟ್ಟಿರುತ್ತದೆ. ಎರಡು ವರ್ಷದ ಕೂಸಿನ ಗಂಟು ಚಿಕ್ಕದು, ಮೆದುಳಿನ ಖರ್ಚು ದೊಡ್ಡದು. ರಾತ್ರಿಯಿಡೀ ವಾಂತಿ, ಬೆಳಿಗ್ಗೆ ಉಪವಾಸ ಅಂದರೆ ಗಲ್ಲಾಪೆಟ್ಟಿಗೆ ಖಾಲಿ. ಮೊದಲೇ ಸೊರಗಿದ ಕೂಸಾದರೆ ಇನ್ನೂ ಬೇಗ. ಆಗ ಅದು ಅಳುವುದನ್ನೂ ಬಿಟ್ಟು ಮಂಪರಾಗುತ್ತದೆ, ಮೈ ತಣ್ಣಗಾಗುತ್ತದೆ, ಒಮ್ಮೊಮ್ಮೆ ಫಿಟ್ಸ್ ಬರುತ್ತದೆ. ಮನೆಯವರು 'ಪಾಪ, ದಣಿದು ಮಲಗೈತಿ' ಅಂತಾರೆ!

ಢಾಕಾದ ಅತಿಸಾರ ಆಸ್ಪತ್ರೆಯ ವೈದ್ಯರು 1990ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಭೇದಿಯಿಂದ ದಾಖಲಾದ ಮಕ್ಕಳಲ್ಲಿ 100ಕ್ಕೆ ನಾಲ್ಕೈದು ಮಕ್ಕಳ ಸಕ್ಕರೆ ತೀರಾ ಇಳಿದಿತ್ತು. ಹಾಗೆ ಇಳಿದವರಲ್ಲಿ 100ಕ್ಕೆ 40ಕ್ಕೂ ಹೆಚ್ಚು ಮಕ್ಕಳು ಉಳಿಯಲಿಲ್ಲ.

ಹಾಗಂತ ಸಿಹಿ ಪಾನೀಯ ಕುಡಿಸಬೇಡಿ. ಅತಿ ಸಿಹಿ ಕರುಳಿಗೆ ನೀರು ಎಳೆದು ಭೇದಿಯನ್ನೇ ಹೆಚ್ಚಿಸುತ್ತದೆ. ಅಂಗಡಿಕಾರರೇ, ಇಂಥ ಪಾನೀಯಗಳಿಗೆ 'ಓಆರ್‌ಎಸ್' ಎಂಬ ಹೆಸರಿಡುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲೇ ನಿಷೇಧಿಸಿದೆ. ಹಳೇ ಸ್ಟಾಕು ಇದ್ದರೆ ಕೆಳಗಿಳಿಸಿ. ಸರಿಯಾದ ಪುಡಿಯಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಅದಿರುವುದು ಉಪ್ಪು-ನೀರನ್ನು ಮೈಗೆ ಹಿಡಿಸಲಿಕ್ಕೆ, ಊಟದ ಬದಲಿಗಲ್ಲ. ಎದೆಹಾಲು ನಿಲ್ಲಿಸಬಾರದು. ಗಂಜಿ, ಮೊಸರನ್ನ, ಬಾಳೆಹಣ್ಣು ಚಮಚೆಯಷ್ಟಷ್ಟೇ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಮಂಪರಾದ ಕೂಸಿನ ಬಾಯಿಗೆ ಮಾತ್ರ ಏನನ್ನೂ ಸುರಿಯದೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಆಸ್ಪತ್ರೆಗಳ ಮಾತು. ಸಕ್ಕರೆ ಕಾಯಿಲೆಯ ಹಿರಿಯರ ಬೆರಳು ಚುಚ್ಚಿ ನೋಡುವ ಆ ಪುಟ್ಟ ಯಂತ್ರ, ಭೇದಿಯ ಕೂಸು ಬಂದಾಗಲೂ ಹೊರಗೆ ಬರುತ್ತದೆಯೇ? ಒಂದು ಹನಿ ರಕ್ತ, ಒಂದು ನಿಮಿಷದ ಕೆಲಸ. 45ಕ್ಕಿಂತ ಕೆಳಗೆ, ಸೊರಗಿದ ಕೂಸಿಗೆ 54ಕ್ಕಿಂತ ಕೆಳಗೆ ತೋರಿಸಿದರೆ ಅಲ್ಲೇ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟು ಮುಂದೆ ಕಳಿಸಬಹುದು. ಹಿರೇಕೆರೂರಿಗೆ ಹುಬ್ಬಳ್ಳಿಯೇನು ಪಕ್ಕದ ಓಣಿಯೇ?

ನಾಲ್ಕೂ ತಾಲ್ಲೂಕಿನ ಆರೋಗ್ಯಾಧಿಕಾರಿಗಳು ಮುಂಗಾರಿಗೆ ಮುಂಚೆ ಒಂದು ಸುತ್ತೋಲೆ ಹೊರಡಿಸಲಿ: ಭೇದಿಯಾಗಿ ಮಂಪರಿನಲ್ಲಿ ಬಂದ ಕೂಸನ್ನು ಸಕ್ಕರೆ ನೋಡದೆ ಮುಂದೆ ಸಾಗಹಾಕಬಾರದು, ಕೊಟ್ಟು ಕಳಿಸುವ ಚೀಟಿಯ ಮೇಲೆ ಆ ಅಂಕಿ ಬರೆದಿರಬೇಕು.