ನಿದ್ದೆಗೆಟ್ಟವರ ಲೆಕ್ಕ ಇಡುವವರು ಯಾರು?

2010ರ ಮೇ 22ರ ಬೆಳಗಿನ ಜಾವ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಅದರಲ್ಲಿದ್ದ 166 ಮಂದಿಯ ಪೈಕಿ ಬದುಕುಳಿದವರು ಎಂಟೇ ಮಂದಿ. ಕಾರಣ ಹುಡುಕಲು ಹೊರಟ ವಿಚಾರಣಾ ನ್ಯಾಯಾಲಯಕ್ಕೆ ಕಾಕ್‌ಪಿಟ್‌ನ ಧ್ವನಿಮುದ್ರಿಕೆಯಲ್ಲಿ ಕೇಳಿಸಿದ್ದು ಗೊರಕೆಯ ಸದ್ದು. ಕ್ಯಾಪ್ಟನ್ ಸುಮಾರು ಒಂದು ಗಂಟೆ ನಲವತ್ತು ನಿಮಿಷ ನಿದ್ದೆಹೋಗಿದ್ದರು. ತಪ್ಪಿದ ಹಾದಿಯಲ್ಲಿ ಇಳಿಯುತ್ತಿದ್ದ ವಿಮಾನವನ್ನು ಮತ್ತೆ ಮೇಲೇರಿಸದೆ ಹೋದದ್ದು ಅಪಘಾತದ ನೇರ ಕಾರಣ. ದೀರ್ಘ ನಿದ್ದೆಯಿಂದ ಎದ್ದವರನ್ನು ಕೆಲಹೊತ್ತು ಆವರಿಸುವ ಮಂಪರು ಅದಕ್ಕೆ ಪೂರಕವಾಯಿತು ಎಂದು ವರದಿ ಹೇಳಿತು. ಸಹ ಪೈಲಟ್ ಎಚ್ಚರಿಸಿದ್ದರು. ಕಣ್ಣು ತೆರೆದಿದ್ದರೂ ಬುದ್ಧಿ ಇನ್ನೂ ಎಚ್ಚೆತ್ತಿರಲಿಲ್ಲ.

ಹದಿನೈದು ವರ್ಷಗಳ ಬಳಿಕ ನಿದ್ದೆಯ ಪ್ರಶ್ನೆ ಇನ್ನೊಂದು ರೂಪದಲ್ಲಿ ವಿಮಾನ ನಿಲ್ದಾಣಗಳಿಗೆ ಮರಳಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ಪ್ರಕಟಿಸಿದ ನಿಯಮಗಳು ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸಿದವು. ‘ರಾತ್ರಿ’ ಎಂಬುದರ ವ್ಯಾಖ್ಯೆಯನ್ನು ಬೆಳಿಗ್ಗೆ 5ರ ಬದಲು 6 ಗಂಟೆಯವರೆಗೆ ಹಿಗ್ಗಿಸಿದವು. ರಾತ್ರಿಯ ಪಾಳಿಯಲ್ಲಿ ಆರು ಬಾರಿ ವಿಮಾನ ಇಳಿಸಬಹುದಾಗಿದ್ದ ಪೈಲಟ್ ಇನ್ನು ಎರಡು ಬಾರಿ ಮಾತ್ರ ಇಳಿಸಬೇಕು ಎಂದವು. ಎರಡನೆಯ ಹಂತದ ನಿಯಮಗಳು 2025ರ ನವೆಂಬರ್ 1ರಂದು ಜಾರಿಗೆ ಬಂದವು. ಡಿಸೆಂಬರ್ ಮೊದಲ ವಾರದಲ್ಲಿ ದೇಶದ ಅತಿ ದೊಡ್ಡ ವಿಮಾನಯಾನ ಸಂಸ್ಥೆಯಾದ ಇಂಡಿಗೊ ಸಾವಿರಾರು ಹಾರಾಟಗಳನ್ನು ರದ್ದುಪಡಿಸಬೇಕಾಯಿತು. ತಯಾರಿಗೆ ಹೆಚ್ಚುಕಡಿಮೆ ಎರಡು ವರ್ಷ ಸಿಕ್ಕಿದ್ದರೂ ಹೊಸ ವೇಳಾಪಟ್ಟಿಗೆ ಬೇಕಾದಷ್ಟು ಪೈಲಟ್‌ಗಳಿರಲಿಲ್ಲ. ಬಿಕ್ಕಟ್ಟು ಬಿಗಡಾಯಿಸಿದಾಗ ಸರ್ಕಾರ ಮೊದಲು ಸಡಿಲಿಸಿದ್ದು ಪೈಲಟ್‌ಗಳ ವಿಶ್ರಾಂತಿಯ ನಿಯಮವನ್ನೇ. ಹಾರಾಟಗಳ ಸಂಖ್ಯೆಗೆ ಕತ್ತರಿ ಬಿದ್ದದ್ದು ಆಮೇಲೆ. ವಿನಾಯಿತಿ ತಾತ್ಕಾಲಿಕವೇ ಇರಬಹುದು. ಆದರೆ ಅನುಕೂಲಕ್ಕೂ ನಿದ್ದೆಗೂ ತಿಕ್ಕಾಟ ಬಂದರೆ ನಾವು ಯಾವುದನ್ನು ಕೈಬಿಡುತ್ತೇವೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಹಾಗೆ ನೋಡಿದರೆ ಪೈಲಟ್‌ಗಳೇ ಅದೃಷ್ಟವಂತರು. ಅವರ ಆಯಾಸವನ್ನು ಅಳೆಯಲು ಒಂದು ನಿಯಮವಾದರೂ ಇದೆ. ಅವರನ್ನು ನಡುರಾತ್ರಿ ವಿಮಾನ ನಿಲ್ದಾಣಕ್ಕೆ ತಂದು ಬಿಡುವ ಕ್ಯಾಬ್ ಚಾಲಕನಿಗೆ, ಅಮೆರಿಕದ ಹಗಲಿಗೆ ತನ್ನ ರಾತ್ರಿಯನ್ನು ಹೊಂದಿಸಿಕೊಂಡ ಕಾಲ್ ಸೆಂಟರ್ ನೌಕರಳಿಗೆ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತ ಕಾವಲುಗಾರನಿಗೆ, ಸರ್ಕಾರಿ ಆಸ್ಪತ್ರೆಯ ದಾದಿಗೆ ಅಂಥ ಲೆಕ್ಕವೇ ಇಲ್ಲ. ಪಾಳಿಯ ದುಡಿಮೆ ಕರ್ನಾಟಕಕ್ಕೆ ಹೊಸದಲ್ಲ. ಕೋಲಾರದ ಚಿನ್ನದ ಗಣಿ, ಭದ್ರಾವತಿಯ ಉಕ್ಕಿನ ಕಾರ್ಖಾನೆ, ಬೆಂಗಳೂರಿನ ಬಟ್ಟೆ ಗಿರಣಿಗಳು ತಲೆಮಾರುಗಳ ಕಾಲ ಸೈರನ್ ಸದ್ದಿಗೆ ಏಳುವ, ಮಲಗುವ ಊರುಗಳನ್ನು ಕಟ್ಟಿದ್ದವು. ಆ ಊರುಗಳಲ್ಲಿ ನೆರೆಹೊರೆಯವರೂ ಪಾಳಿಯವರೇ ಆಗಿರುತ್ತಿದ್ದರು. ಹಗಲು ಮಲಗಿದವನ ಬಾಗಿಲು ತಟ್ಟಬಾರದೆಂಬುದು ಬೀದಿಗೇ ಗೊತ್ತಿತ್ತು. ಇಂದಿನ ರಾತ್ರಿ ದುಡಿಮೆಗಾರರು ಹಗಲಿನ ಜನರ ನಡುವೆ ಒಂಟಿಯಾಗಿ ಮಲಗುತ್ತಾರೆ.

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎನ್ನುತ್ತದೆ ಗಾದೆ. ರಾತ್ರಿಪಾಳಿಯವರ ವಿಷಯದಲ್ಲಿ ಮಾತ್ರ ಈ ಗಾದೆ ಸುಳ್ಳಾಗುತ್ತದೆ. ಅವರ ನಿದ್ದೆ ಕೆಡಿಸುವುದು ಚಿಂತೆಯೂ ಅಲ್ಲ, ಸಂತೆಯೊಂದೇ ಅಲ್ಲ. ಮುಖ್ಯವಾಗಿ ಅವರ ಒಡಲೇ. ನಮ್ಮ ಮಿದುಳಿನ ತಳಭಾಗದಲ್ಲಿರುವ ಪುಟ್ಟ ನರಕೋಶಗಳ ಗುಂಪೊಂದು ಕಣ್ಣಿನ ಮೂಲಕ ಬೆಳಕಿನ ಸುದ್ದಿ ಪಡೆದು ದೇಹದ ದಿನಚರಿಯನ್ನು ನಿಯಂತ್ರಿಸುತ್ತದೆ. ಕತ್ತಲಾದಾಗ ಮೆಲಟೋನಿನ್ ಸ್ರವಿಸುತ್ತದೆ, ಮೈಬಿಸಿ ಇಳಿಯುತ್ತದೆ. ನಸುಕಿನ ಮೂರರಿಂದ ಐದರವರೆಗಿನ ವೇಳೆಯಲ್ಲಿ ಎಚ್ಚರ ತಳಮುಟ್ಟುತ್ತದೆ. ಈ ಜೈವಿಕ ಗಡಿಯಾರ ಜೀವಕೋಶಗಳ ಒಳಗೆ ಹೇಗೆ ನಡೆಯುತ್ತದೆಂದು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಷ್, ಮೈಕೆಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಕಂಪನಿಯ ವೇಳಾಪಟ್ಟಿ ಬದಲಾದ ಮಾತ್ರಕ್ಕೆ ಈ ಗಡಿಯಾರ ಬದಲಾಗದು. ಬೆಳಿಗ್ಗೆ ಮನೆಗೆ ಮರಳುವಾಗ ಕಣ್ಣಿಗೆ ಬೀಳುವ ಬಿಸಿಲು ಅದಕ್ಕೆ ‘ಹಗಲಾಯಿತು’ ಎಂದೇ ಹೇಳುತ್ತದೆ. ಆದ್ದರಿಂದಲೇ ಹಗಲು ನಿದ್ದೆ ರಾತ್ರಿಯ ನಿದ್ದೆಗಿಂತ ಮೊಟಕು, ಹಗುರ. ದಿನಕ್ಕೆ ಒಂದೆರಡು ಗಂಟೆಯಂತೆ ಬಾಕಿ ಉಳಿಯುತ್ತ ವಾರಾಂತ್ಯದ ಹೊತ್ತಿಗೆ ಅದು ತೀರಿಸಲಾಗದ ಸಾಲವಾಗುತ್ತದೆ.

ಆ ಸಾಲದ ಬಡ್ಡಿಯನ್ನು ಕಟ್ಟುವುದು ದೇಹ. ದೀರ್ಘಕಾಲ ರಾತ್ರಿಪಾಳಿ ಮಾಡಿದವರಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ, ಬೊಜ್ಜು, ಜಠರದ ತೊಂದರೆ, ಖಿನ್ನತೆ ಹೆಚ್ಚು ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ಗುರುತಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಜೈವಿಕ ಲಯ ಕೆಡಿಸುವ ಪಾಳಿ ಕೆಲಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು. 2019ರಲ್ಲಿ ಮರುಪರಿಶೀಲಿಸಿ ಅದೇ ತೀರ್ಮಾನಕ್ಕೆ ಬಂತು. ‘ಬಹುಶಃ’ ಎಂಬ ಪದವನ್ನು ಮರೆಯಬಾರದು; ರಾತ್ರಿ ದುಡಿದವರಿಗೆಲ್ಲ ರೋಗ ಬರುತ್ತದೆಂದು ಯಾರೂ ಹೇಳುತ್ತಿಲ್ಲ. ಆದರೆ ಕಾರ್ಖಾನೆಯ ರಾಸಾಯನಿಕವೊಂದು ಇದೇ ವರ್ಗಕ್ಕೆ ಸೇರಿದ್ದರೆ ನಾವು ಕೈಗವಸು, ಮುಖಗವಸು, ವಾರ್ಷಿಕ ತಪಾಸಣೆ ಕೇಳುತ್ತಿದ್ದೆವು. ಇರುಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆದ್ದರಿಂದ ಯಾರೂ ಕೇಳುವುದಿಲ್ಲ.

ದಾರಿಹೋಕರ ಮೇಲಿನ ಪರಿಣಾಮ ಇನ್ನೂ ತಕ್ಷಣದ್ದು. ಹದಿನೇಳು ಗಂಟೆ ಸತತ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇದ್ದವನಷ್ಟೇ ಕುಗ್ಗಿರುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. ಇಪ್ಪತ್ತನಾಲ್ಕು ಗಂಟೆಯಾದರೆ ಅದು 100 ಮಿಲಿಗ್ರಾಂನ ಮಟ್ಟ ತಲುಪುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಕೇವಲ 30 ಮಿಲಿಗ್ರಾಂ. ಬೆಳಿಗ್ಗೆ ಆರಕ್ಕೆ ಎದ್ದು ರಾತ್ರಿ ಹನ್ನೊಂದರ ನಂತರವೂ ಸ್ಟೀರಿಂಗ್ ಹಿಡಿದವನು ಒಂದು ತೊಟ್ಟು ಕುಡಿಯದೆಯೇ ಆ ಮಿತಿ ದಾಟಿದವನ ಸ್ಥಿತಿಯಲ್ಲಿರುತ್ತಾನೆ. ಅವನನ್ನು ತಡೆಯುವ ಉಪಕರಣ ಯಾವ ಪೊಲೀಸರ ಬಳಿಯೂ ಇಲ್ಲ.

ಕಾನೂನು ಏನು ಮಾಡುತ್ತಿದೆ? 1948ರ ಕಾರ್ಖಾನೆ ಕಾಯ್ದೆಯಲ್ಲಿ ರಾತ್ರಿಪಾಳಿಗೆಂದೇ ಒಂದು ಸೆಕ್ಷನ್ ಇತ್ತು. ಪಾಳಿ ಮಧ್ಯರಾತ್ರಿ ದಾಟಿದರೆ ವಾರದ ರಜೆಯನ್ನು ಯಾವ ಗಳಿಗೆಯಿಂದ ಎಣಿಸಬೇಕು, ಹನ್ನೆರಡರ ನಂತರದ ಗಂಟೆಗಳನ್ನು ಯಾವ ದಿನದ ಖಾತೆಗೆ ಹಾಕಬೇಕು ಎಂಬುದಷ್ಟೇ ಅದರ ಕಾಳಜಿ. ಕಾನೂನಿನ ದೃಷ್ಟಿಯಲ್ಲಿ ರಾತ್ರಿಯೆಂದರೆ ಹಾಜರಿ ಪುಸ್ತಕದ ಸಮಸ್ಯೆ. 2023ರ ಫೆಬ್ರುವರಿಯಲ್ಲಿ ಕರ್ನಾಟಕದ ವಿಧಾನಮಂಡಲ ಈ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಗಳ ಮಿತಿಯೊಳಗೆ ದಿನಕ್ಕೆ 12 ಗಂಟೆಗಳವರೆಗೆ ದುಡಿಸಿಕೊಳ್ಳಲು ದಾರಿ ತೆರೆಯಿತು. ಮಹಿಳೆಯರ ರಾತ್ರಿಪಾಳಿಗೂ ಅನುಮತಿ ನೀಡಿತು. 2024ರ ಜುಲೈಯಲ್ಲಿ ಐಟಿ ವಲಯದ ದುಡಿಮೆಯನ್ನು 14 ಗಂಟೆಗಳವರೆಗೆ ಹಿಗ್ಗಿಸುವ ಪ್ರಸ್ತಾವ ಹೊರಬಿದ್ದು, ನೌಕರರ ಸಂಘಟನೆಗಳ ವಿರೋಧ ಎದುರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆ ದಿನಕ್ಕೆ ಎಂಟು ಗಂಟೆಗಳ ತತ್ವವನ್ನು ಉಳಿಸಿಕೊಂಡಿದೆ, ಮಹಿಳೆಯರು ಒಪ್ಪಿದರೆ ರಾತ್ರಿ ದುಡಿಯಬಹುದು ಎಂದಿದೆ. ಹಗಲಿನ ಎಂಟು ಗಂಟೆ, ಇರುಳಿನ ಎಂಟು ಗಂಟೆ ಎರಡೂ ಒಂದೇ ಎಂಬ ಹಳೆಯ ನಂಬಿಕೆಯೂ ಹಾಗೇ ಉಳಿದಿದೆ.

ಮಹಿಳೆಯರ ರಾತ್ರಿಪಾಳಿಯ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆಯೆಲ್ಲ ಸುರಕ್ಷತೆಯ ಸುತ್ತಲೇ ತಿರುಗಿದೆ. ಬೆಂಗಳೂರಿನಲ್ಲಿ 2005ರ ಡಿಸೆಂಬರಿನಲ್ಲಿ ರಾತ್ರಿಪಾಳಿಗೆ ಹೊರಟ ಬಿಪಿಒ ನೌಕರಳೊಬ್ಬಳ ಕೊಲೆಯಾದ ಮೇಲೆ ವಾಹನ ವ್ಯವಸ್ಥೆಯ ಬಗ್ಗೆ ಎಚ್ಚರ ಹೆಚ್ಚಿದ್ದು ಅಗತ್ಯವೇ ಆಗಿತ್ತು. ಆದರೆ ಆಕೆ ಸುರಕ್ಷಿತವಾಗಿ ಮನೆ ಸೇರಿದ ಮೇಲೆ ಏನಾಗುತ್ತದೆ? ಮಕ್ಕಳ ಶಾಲೆಯ ಡಬ್ಬಿ, ಅತ್ತೆಮಾವನ ಔಷಧ, ನಲ್ಲಿ ನೀರು, ಮಧ್ಯಾಹ್ನದ ಅಡುಗೆ ಅವಳಿಗಾಗಿ ಕಾದಿರುತ್ತವೆ. ಗಂಡಸು ರಾತ್ರಿ ದುಡಿದು ಬಂದರೆ ಮನೆಯೆಲ್ಲ ಸದ್ದಡಗಿಸಿಕೊಳ್ಳುತ್ತದೆ. ಹೆಂಗಸಿಗೆ ಆ ರಿಯಾಯಿತಿ ಸಿಗುವುದು ಅಪರೂಪ. ಅವಳ ಒಪ್ಪಿಗೆಯ ಪತ್ರದಲ್ಲಿ ಈ ಎರಡನೆಯ ಪಾಳಿಯ ಪ್ರಸ್ತಾಪ ಇರುವುದಿಲ್ಲ.

ನಿಯಮ ಇದ್ದಲ್ಲಿಯೂ ಪಾಲನೆ ಎಷ್ಟು ಎಂಬುದಕ್ಕೆ ವೈದ್ಯರೇ ಸಾಕ್ಷಿ. ಕಿರಿಯ ವೈದ್ಯರ ಸತತ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ಹೇಳಿತ್ತು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆಸ್ಪತ್ರೆಯಲ್ಲಿ ಕಿರಿಯ ವೈದ್ಯೆಯೊಬ್ಬರ ಅತ್ಯಾಚಾರ, ಕೊಲೆ ನಡೆದಾಗ, 36 ಗಂಟೆಗಳ ಪಾಳಿ ನಮ್ಮ ಆಸ್ಪತ್ರೆಗಳಲ್ಲಿ ಮಾಮೂಲಿ ಎಂಬುದು ದೇಶಕ್ಕೆ ತಿಳಿಯಿತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆಗಳ ಮಿತಿ ಶಿಫಾರಸು ಮಾಡಿತು. ಮೂರು ದಶಕಗಳಲ್ಲಿ ನಾವು 48ರಿಂದ 74ಕ್ಕೆ ‘ಸುಧಾರಿಸಿದ್ದೇವೆ’.

ರಾತ್ರಿ ಕೆಲಸವನ್ನೇ ನಿಲ್ಲಿಸಿ ಎನ್ನುವುದು ಮೂರ್ಖತನ. ಆಸ್ಪತ್ರೆ, ಪೊಲೀಸ್ ಠಾಣೆ, ವಿದ್ಯುತ್ ಕೇಂದ್ರ, ರೈಲು ಯಾವುದೂ ಇರುಳಾಯಿತೆಂದು ಬಾಗಿಲು ಮುಚ್ಚುವಂತಿಲ್ಲ. ಬೆಳಗಿನ ಹಾಲು, ನಿಮ್ಮ ಕೈಯಲ್ಲಿರುವ ಈ ಪತ್ರಿಕೆ ಎರಡೂ ಯಾರದೋ ನಿದ್ದೆಯನ್ನು ದಾಟಿಯೇ ಬಂದಿವೆ. ಹೊರದೇಶಗಳ ಗಡಿಯಾರಕ್ಕೆ ದುಡಿಯುವ ಉದ್ಯಮ ಲಕ್ಷಾಂತರ ಕುಟುಂಬಗಳಿಗೆ ಅನ್ನ ಕೊಟ್ಟಿದೆ. ರಾತ್ರಿಪಾಳಿಗೆ ಭತ್ಯೆ ಕೊಡುತ್ತೇವಲ್ಲ, ಇನ್ನೇನು ಬೇಕು ಎಂಬ ಪ್ರಶ್ನೆಯೂ ಬರುತ್ತದೆ. ಭತ್ಯೆಯಿಂದ ದುಡಿಮೆಯ ಗಂಟೆಗಳನ್ನು ಕೊಳ್ಳಬಹುದು. ಕಳೆದ ನಿದ್ದೆಯನ್ನು ಮರಳಿ ಕೊಳ್ಳುವ ಅಂಗಡಿ ಎಲ್ಲಿಯೂ ಇಲ್ಲ.

ಮಾಡಬಹುದಾದ ಕೆಲಸಗಳು ಅಷ್ಟೇನೂ ದುಬಾರಿಯಲ್ಲ. ಐರೋಪ್ಯ ಒಕ್ಕೂಟದ 2003ರ ನಿರ್ದೇಶನದ ಪ್ರಕಾರ ಪ್ರತಿ 24 ಗಂಟೆಗಳಲ್ಲಿ 11 ಗಂಟೆ ಸತತ ವಿಶ್ರಾಂತಿ ಕಡ್ಡಾಯ. ರಾತ್ರಿ ದುಡಿಯುವವರಿಗೆ ಉಚಿತ ಆರೋಗ್ಯ ತಪಾಸಣೆ, ರಾತ್ರಿ ಕೆಲಸದಿಂದಾಗಿ ಆರೋಗ್ಯ ಕೆಟ್ಟರೆ ಸಾಧ್ಯವಾದಲ್ಲೆಲ್ಲ ಹಗಲು ಕೆಲಸಕ್ಕೆ ವರ್ಗ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1990ರ ರಾತ್ರಿ ಕೆಲಸದ ಒಡಂಬಡಿಕೆಯ ಆಶಯವೂ ಇದೇ. ಭಾರತ ಅದನ್ನು ಅನುಮೋದಿಸಿಲ್ಲ. ಕಾರ್ಮಿಕ ಸಂಹಿತೆಯಡಿ ನಿಯಮ ರೂಪಿಸುವ ರಾಜ್ಯ ಸರ್ಕಾರ ಎರಡು ಪಾಳಿಗಳ ನಡುವಿನ ಕನಿಷ್ಠ ಬಿಡುವು, ಸತತ ರಾತ್ರಿಗಳ ಗರಿಷ್ಠ ಮಿತಿ, ರಾತ್ರಿ ದುಡಿಯುವವರ ವಾರ್ಷಿಕ ತಪಾಸಣೆ ಈ ಮೂರನ್ನಾದರೂ ಬರೆದಿಡಬೇಕು. ಪಾಳಿ ಬದಲಿಸುವುದಾದರೆ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದೆ ಸಾಗಬೇಕು. ಆ ಕ್ರಮಕ್ಕೆ ದೇಹ ಸುಲಭವಾಗಿ ಒಗ್ಗುತ್ತದೆ. ನೌಕರರನ್ನು ಕರೆತರುವ ಕ್ಯಾಬ್ ಚಾಲಕನ ಗಂಟೆಗಳನ್ನು ಲೆಕ್ಕ ಇಡುವ ಹೊಣೆ ಆ ನೌಕರರ ಕಂಪನಿಯದ್ದೂ ಆಗಬೇಕು. ನಾವು ನಾಗರಿಕರೂ ರಾತ್ರಿ ದುಡಿದು ಬಂದ ನೆರೆಯವರ ಕಿಟಕಿಯ ಕೆಳಗೆ ಹಾರ್ನ್ ಒತ್ತುವ ಮುನ್ನ ಒಮ್ಮೆ ಯೋಚಿಸಬಹುದು.

ರಾಮಲೀಲಾ ಮೈದಾನದಲ್ಲಿ ಮಲಗಿದ್ದವರ ಮೇಲೆ ಪೊಲೀಸರು ನಡುರಾತ್ರಿ ನುಗ್ಗಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪು ನೀಡುತ್ತ, ನಿದ್ದೆಯೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆ ಎಂಬ ಮಾತನ್ನು ಆಡಿತು. ಲಾಠಿಯಿಂದ ಎಬ್ಬಿಸಿದರೆ ಹಕ್ಕಿನ ಉಲ್ಲಂಘನೆಯಾಗುವುದಾದರೆ, ವೇಳಾಪಟ್ಟಿಯಿಂದ ವರ್ಷಗಟ್ಟಲೆ ಎಚ್ಚರವಿರಿಸುವುದನ್ನು ಏನೆಂದು ಕರೆಯೋಣ? ತೂಕಡಿಸುವ ಕಾವಲುಗಾರನನ್ನು ಸೋಮಾರಿ ಎನ್ನುವುದು, ಆಕಳಿಸುವ ಚಾಲಕನನ್ನು ಗದರುವುದು ಸುಲಭ. ಅವರು ಹಿಂದಿನ ದಿನ ಎಷ್ಟು ಹೊತ್ತು ಮಲಗಿದ್ದರು ಎಂದು ಕೇಳುವ ಅಭ್ಯಾಸ ನಮಗಿಲ್ಲ. ಬಜಪೆಯಲ್ಲಿ ಆ ಪ್ರಶ್ನೆ ಕೇಳುವ ಹೊತ್ತಿಗೆ 158 ಜೀವಗಳು ಹೋಗಿದ್ದವು.