ಚೆಂಡಿನಿಂದ ಗದ್ದುಗೆಗೆ: ಜಾರ್ಜ್ ವೇಯಾ ಗೆದ್ದದ್ದೇನು, ಸೋತದ್ದೇನು?

ಕ್ರೀಡಾಂಗಣದ ಚಪ್ಪಾಳೆ ಮತಪೆಟ್ಟಿಗೆಗೂ ಬೀಳುತ್ತದೆಯೇ? ಬಿದ್ದರೂ ಅದು ಎಷ್ಟು ಕಾಲ ಉಳಿದೀತು? ಪಶ್ಚಿಮ ಆಫ್ರಿಕದ ಪುಟ್ಟ ರಾಷ್ಟ್ರ ಲೈಬೀರಿಯ ಈ ಎರಡೂ ಪ್ರಶ್ನೆಗಳಿಗೆ ಉತ್ತರ ನೀಡಿದೆ. 2017ರಲ್ಲಿ ಶೇ 61ಕ್ಕೂ ಹೆಚ್ಚು ಮತ ನೀಡಿ ತನ್ನ ಫುಟ್‌ಬಾಲ್ ನಾಯಕನನ್ನು ಅಧ್ಯಕ್ಷ ಪಟ್ಟಕ್ಕೇರಿಸಿದ ಜನರೇ 2023ರಲ್ಲಿ ಆತನನ್ನು ಕೆಳಗಿಳಿಸಿದರು.

ರಾಜಧಾನಿ ಮನ್ರೋವಿಯದ ಕ್ಲಾರಾ ಟೌನ್ ಕೊಳೆಗೇರಿಯಲ್ಲಿ ಬೆಳೆದ ಜಾರ್ಜ್ ವೇಯಾ ಅವರನ್ನು 1988ರಲ್ಲಿ ಯುರೋಪಿಗೆ ಕರೆತಂದವರು ಆಗ ಮೊನಾಕೊ ತಂಡದ ತರಬೇತುದಾರರಾಗಿದ್ದ ಆರ್ಸೆನ್ ವೆಂಗರ್. ಅಲ್ಲಿಂದ ಪ್ಯಾರಿಸ್ ಸೇಂಟ್ ಜರ್ಮೈನ್, ಬಳಿಕ ಇಟಲಿಯ ಎ.ಸಿ. ಮಿಲಾನ್. 1995ರಲ್ಲಿ ಯುರೋಪಿನ ಬ್ಯಾಲನ್ ಡಿ'ಓರ್ ಮತ್ತು ಫಿಫಾದ ವರ್ಷದ ಆಟಗಾರ ಪ್ರಶಸ್ತಿಗಳೆರಡೂ ಅವರ ಪಾಲಾದವು. ಬ್ಯಾಲನ್ ಡಿ'ಓರ್ ಪಡೆದ ಮತ್ತೊಬ್ಬ ಆಫ್ರಿಕನ್ ಆಟಗಾರ ಇಂದಿಗೂ ಇಲ್ಲ. 1996ರಲ್ಲಿ ವೆರೋನ ವಿರುದ್ಧ, ತಮ್ಮದೇ ಗೋಲಿನ ಬಳಿಯಿಂದ ಚೆಂಡನ್ನು ಒಯ್ದು ಎದುರಾಳಿಗಳನ್ನೆಲ್ಲ ದಾಟಿ ಗಳಿಸಿದ ಗೋಲು ಇನ್ನೂ ದಂತಕಥೆಯಾಗಿಯೇ ಉಳಿದಿದೆ.

ಆದರೆ ಲೈಬೀರಿಯದ ಜನ ಅವರನ್ನು ಪ್ರೀತಿಸಿದ್ದು ಗೋಲುಗಳಿಗಾಗಿ ಮಾತ್ರವಲ್ಲ. ಅಂತರ್ಯುದ್ಧದಲ್ಲಿ ಎರಡೂವರೆ ಲಕ್ಷದಷ್ಟು ಜನ ಬಲಿಯಾದ ಆ ಕಾಲದಲ್ಲಿ ರಾಷ್ಟ್ರೀಯ ತಂಡದ ಖರ್ಚನ್ನು ಅವರು ತಮ್ಮ ಗಳಿಕೆಯಿಂದ ಭರಿಸಿದರು. ಆ ತಂಡ ಕೇವಲ ಒಂದು ಅಂಕದಿಂದ 2002ರ ವಿಶ್ವಕಪ್ ಅವಕಾಶ ಕಳೆದುಕೊಂಡಿತು. ಕಾದಾಡುತ್ತಿದ್ದ ದೇಶಕ್ಕೆ ಒಗ್ಗಟ್ಟಿನ ಸಂಕೇತವೆಂದು ಉಳಿದಿದ್ದರೆ ಅದು ಆ ತಂಡವೇ.

ಸುಲಭವಲ್ಲದ ದಾರಿ

ಜನಪ್ರಿಯತೆಯೊಂದೇ ಅವರನ್ನು ಗೆಲ್ಲಿಸಿತೆಂಬ ಮಾತು ಪೂರ್ತಿ ನಿಜವಲ್ಲ. 2005ರ ಚುನಾವಣೆಯ ಮೊದಲ ಸುತ್ತಿನಲ್ಲಿ ಮುಂದಿದ್ದರೂ ಎರಡನೇ ಸುತ್ತಿನಲ್ಲಿ ಅವರು ಎಲೆನ್ ಜಾನ್ಸನ್ ಸರ್ಲೀಫ್ ಎದುರು ಸೋತರು. ವಿದ್ಯಾಭ್ಯಾಸವಿಲ್ಲದ ಆಟಗಾರ ಎಂಬ ಟೀಕೆ ಆಗ ಬಲವಾಗಿ ಕೇಳಿಬಂದಿತ್ತು. ಅನಂತರ ಅವರು ಅಮೆರಿಕದಲ್ಲಿ ಪದವಿ ಪಡೆದರು. 2011ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಮತ್ತೆ ಸೋತರು. 2014ರಲ್ಲಿ ಸೆನೆಟ್ ಪ್ರವೇಶಿಸಿದರು. 2018ರ ಜನವರಿಯಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ, 1944ರ ಬಳಿಕ ಮೊದಲ ಬಾರಿಗೆ ಲೈಬೀರಿಯದಲ್ಲಿ ಚುನಾಯಿತ ಅಧ್ಯಕ್ಷರೊಬ್ಬರಿಂದ ಇನ್ನೊಬ್ಬರಿಗೆ ಶಾಂತಿಯುತವಾಗಿ ಅಧಿಕಾರ ಹಸ್ತಾಂತರವಾಯಿತು.

ನಿರೀಕ್ಷೆ ಬೆಟ್ಟದಷ್ಟಿತ್ತು, ಬೊಕ್ಕಸ ಬರಿದಾಗಿತ್ತು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿ ವಿದ್ಯಾರ್ಥಿಗಳ ಶುಲ್ಕ ರದ್ದಾದದ್ದು ನಿಜ. ಆದರೆ ಬೆಲೆಯೇರಿಕೆ ಮತ್ತು ಭ್ರಷ್ಟಾಚಾರದ ವಿರುದ್ಧ 2019ರ ಜೂನ್‌ನಲ್ಲಿ ಸಾವಿರಾರು ಜನ ಬೀದಿಗಿಳಿದರು. 2022ರ ಆಗಸ್ಟ್‌ನಲ್ಲಿ ಅವರ ಸರ್ಕಾರದ ಮೂವರು ಉನ್ನತ ಅಧಿಕಾರಿಗಳ ಮೇಲೆ ಅಮೆರಿಕ ಭ್ರಷ್ಟಾಚಾರದ ಕಾರಣ ನೀಡಿ ನಿರ್ಬಂಧ ಹೇರಿತು. ಅದೇ ವರ್ಷದ ಕೊನೆಯಲ್ಲಿ ಅಧ್ಯಕ್ಷರು ವಾರಗಟ್ಟಲೆ ವಿದೇಶದಲ್ಲಿದ್ದರು. ಕತಾರ್ ವಿಶ್ವಕಪ್‌ನಲ್ಲಿ ಅಮೆರಿಕ ತಂಡಕ್ಕೆ ಆಡುತ್ತಿದ್ದ ಮಗನ ಆಟ ನೋಡಿದ್ದೂ ಆ ಪ್ರವಾಸದಲ್ಲಿಯೇ. ತಂದೆಯಾಗಿ ಅದು ಸಹಜ. ಆದರೆ ಅಕ್ಕಿಯ ಬೆಲೆಗೆ ಕಂಗೆಟ್ಟ ಮತದಾರನಿಗೆ ಅದು ಬೇರೆಯಾಗಿಯೇ ಕಂಡಿತು.

ರಾಜಕೀಯ ಲೆಕ್ಕಾಚಾರವೂ ತಪ್ಪಿತು. ನಿಂಬಾ ಪ್ರಾಂತ್ಯದ ಪ್ರಭಾವಿ ಮುಖಂಡ, ಹಿಂದಿನ ಬಂಡುಕೋರ ನಾಯಕ ಪ್ರಿನ್ಸ್ ಜಾನ್ಸನ್ 2017ರಲ್ಲಿ ವೇಯಾ ಬೆನ್ನಿಗಿದ್ದರು. 2023ರಲ್ಲಿ ಪ್ರತಿಸ್ಪರ್ಧಿ ಜೋಸೆಫ್ ಬೊಕಾಯ್ ಪಾಳೆಯ ಸೇರಿದರು. ಯುದ್ಧಾಪರಾಧಗಳ ವಿಚಾರಣೆಗೆ ನ್ಯಾಯಾಲಯ ಬೇಕೆಂಬ ಕೂಗು ವೇಯಾ ಕಾಲದಲ್ಲಿ ಕಾರ್ಯರೂಪಕ್ಕೆ ಬರಲಿಲ್ಲ. ಅದಕ್ಕಾಗಿ ಕಚೇರಿ ಸ್ಥಾಪಿಸುವ ಆದೇಶಕ್ಕೆ 2024ರಲ್ಲಿ ಸಹಿ ಹಾಕಿದವರು ಬೊಕಾಯ್.

ಸೋಲಿನಲ್ಲೊಂದು ಗೆಲುವು

2023ರ ನವೆಂಬರ್‌ನಲ್ಲಿ ನಡೆದ ಎರಡನೇ ಸುತ್ತಿನಲ್ಲಿ ಅಂತರ ಸುಮಾರು 20 ಸಾವಿರ ಮತಗಳಷ್ಟೆ. ಅಧಿಕಾರದಲ್ಲಿದ್ದವರಿಗೆ ತಕರಾರು ತೆಗೆಯಲು ಇಷ್ಟು ಸಾಕಿತ್ತು. ನೆರೆಹೊರೆಯ ಮಾಲಿ, ಗಿನಿ, ಬುರ್ಕಿನಾ ಫಾಸೊ, ನೈಜರ್‌ಗಳಲ್ಲಿ ಸೇನೆ ಗದ್ದುಗೆ ಕಸಿದುಕೊಂಡಿದ್ದ ಕಾಲವದು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ 2018ರಲ್ಲೇ ಲೈಬೀರಿಯದಿಂದ ಹೊರಟಿತ್ತು. ಅಂತಿಮ ಫಲಿತಾಂಶ ಪ್ರಕಟವಾಗುವ ಮುನ್ನವೇ ವೇಯಾ, ಬೊಕಾಯ್ ಅವರಿಗೆ ದೂರವಾಣಿಯಲ್ಲಿ ಅಭಿನಂದನೆ ತಿಳಿಸಿ ಸೋಲೊಪ್ಪಿಕೊಂಡರು.

ಮೈದಾನದಲ್ಲಿ ಒಬ್ಬನೇ ಹನ್ನೊಂದು ಮಂದಿಯನ್ನು ದಾಟಿ ಗೋಲು ಹೊಡೆಯಬಹುದು. ಆಡಳಿತದಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ನಂಬಿಕಸ್ಥ ಅಧಿಕಾರಿಗಳು ಬೇಕು, ಲೆಕ್ಕಪತ್ರ ಬೇಕು, ದಿನನಿತ್ಯದ ದುಡಿಮೆ ಬೇಕು. ಖ್ಯಾತಿ ಬಾಗಿಲು ತೆರೆಸಬಲ್ಲದೇ ಹೊರತು ಮನೆ ನಡೆಸಲಾರದು. ಆಡಳಿತಗಾರರಾಗಿ ವೇಯಾ ಎಡವಿದ್ದು ಇಲ್ಲಿಯೇ. ಆದರೂ, ತೀರ್ಪುಗಾರನ ಸೀಟಿಗೆ ತಲೆಬಾಗುವ ಆಟದ ಮೊದಲ ನಿಯಮವನ್ನು ಅವರು ಮರೆಯಲಿಲ್ಲ. ರಕ್ತದ ಕಲೆ ಇನ್ನೂ ಪೂರ್ತಿ ಮಾಸದ ನೆಲದಲ್ಲಿ ಅದು ಯಾವ ಗೋಲಿಗಿಂತಲೂ ಕಡಿಮೆಯದಲ್ಲ.